ಗಟ್ಟಿ ಲೋಹಕ್ಕೂ ದ್ರವ ಲೋಹಕ್ಕೂ ಲೇಸರ್ ಹೊಡೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬರುವವರು, ಮುಂಬಯಿ ಮತ್ತು ಗೋವಾದಿಂದ ಫೋನ್ ಮಾಡುವ ಸಂಶೋಧನಾ ವಿದ್ಯಾರ್ಥಿಗಳು, ಲೇಸರ್ ಹೊಡೆತದಿಂದ ಲೋಹವನ್ನು ಕಳಚಿ ಅಳೆಯುವ ಕೆಲಸದಲ್ಲಿ ಎಲ್ಲರೂ ತರುವ ದೂರು ಎರಡೇ. ಒಂದು, ನಿನ್ನೆ ಬಿದ್ದ ಕುಳಿಯ ಆಳ ಇವತ್ತು ಬೀಳುತ್ತಿಲ್ಲ. ಇನ್ನೊಂದು, ದ್ರವ ಲೋಹಕ್ಕೆ ಹೊಡೆದರೆ ಅಳತೆ ಸಿಗುವ ಮೊದಲೇ ಲೆನ್ಸ್ ತುಂಬ ಲೋಹದ ಸಿಡಿ. ಲೇಸರ್ ಕೆಟ್ಟಿದೆ ಎಂದು ಕಂಪನಿಯವರನ್ನು ಕರೆಸುತ್ತಾರೆ. ಲೇಸರ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಕೆಲಸದ ಕ್ರಮ. ಲೋಹವನ್ನು ಮೊದಲು ಇಟ್ಟು, ಹೊಡೆದು, ಆಮೇಲೆ ಅದರ ಮೇಲೆ ಎಷ್ಟು ಬಿತ್ತೆಂದು ಲೆಕ್ಕ ಹಾಕಲು ಕೂರುತ್ತಾರೆ. ಮೇಲ್ಮೈ ಇರುವ ಎತ್ತರದಲ್ಲಿ ಕಿರಣದ ಚುಕ್ಕೆ ಎಷ್ಟು ದೊಡ್ಡದು ಎಂಬುದು ಗೊತ್ತಾಗುವವರೆಗೆ ಗುರಿ ಲೋಹವನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯಬಾರದು.

ಇಲ್ಲಿ ಹೇಳುವುದೆಲ್ಲ ಸಾಮಾನ್ಯ ಕ್ಯೂ-ಸ್ವಿಚ್ (ಕೂಡಿಟ್ಟ ಶಕ್ತಿಯನ್ನು ಒಮ್ಮೆಲೇ ಹೊರಬಿಡುವ ಕದ) ಇರುವ ಎನ್‌ಡಿ-ಯಾಗ್ ಲೇಸರಿಗೆ: 1064 ಅಥವಾ 532 ನ್ಯಾನೋಮೀಟರ್ ತರಂಗಾಂತರ, 5ರಿಂದ 10 ನ್ಯಾನೋಸೆಕೆಂಡ್ ಪಲ್ಸ್ (ಬೆಳಕಿನ ಒಂದು ಹೊಡೆತ), ಸೆಕೆಂಡಿಗೆ 10 ಪಲ್ಸ್. ಗಟ್ಟಿ ಲೋಹಕ್ಕೆ ತಾಮ್ರವನ್ನೂ ದ್ರವಕ್ಕೆ ಗ್ಯಾಲಿಯಮ್ ಮತ್ತು ತವರವನ್ನೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನೀರಿನಲ್ಲಿ ಲೋಹ ಮುಳುಗಿಸಿ ನ್ಯಾನೋಕಣ ತೆಗೆಯುವುದು ಬೇರೆಯೇ ಕೆಲಸ, ಅದು ಇಲ್ಲಿಲ್ಲ.

ಹಂತ 1: ಕಣ್ಣು ಮತ್ತು ಕೋಣೆ

ಇದು ನಾಲ್ಕನೇ ದರ್ಜೆಯ ಲೇಸರ್. ನೇರ ಕಿರಣವಷ್ಟೇ ಅಲ್ಲ, ಲೋಹದ ಮೇಲಿಂದ ಚದುರಿದ ಬೆಳಕೂ ಕಣ್ಣಿನ ಪರದೆಯನ್ನು ಸುಡಬಲ್ಲದು. ಕನ್ನಡಕದ ಬಣ್ಣ ನೋಡಿ ಎತ್ತಿಕೊಳ್ಳಬೇಡಿ, ಚೌಕಟ್ಟಿನ ಮೇಲೆ ಮುದ್ರಿಸಿರುವ ತರಂಗಾಂತರವನ್ನು ಓದಿ. 532ರಲ್ಲಿ ಕೆಲಸ ಮಾಡುವಾಗಲೂ ಕಿರಣದೊಳಗೆ ಉಳಿದ 1064 ಇರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಎರಡೂ ತರಂಗಾಂತರಕ್ಕೆ ಆಪ್ಟಿಕಲ್ ಡೆನ್ಸಿಟಿ 6 ಅಥವಾ ಅದಕ್ಕಿಂತ ಹೆಚ್ಚಿರುವ ಕನ್ನಡಕವೇ ಬೇಕು. 6 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ ಎಂದರ್ಥ.

ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಅವು ಕಿರಣವನ್ನು ಎಲ್ಲೆಂದರಲ್ಲಿಗೆ ತಿರುಗಿಸುತ್ತವೆ. ಗ್ಯಾಲಿಯಮ್ ತಾಗಿದರೆ ಚಿನ್ನವೂ ಹಾಳಾಗುತ್ತದೆ. ಹೊಡೆತಕ್ಕೆ ಏಳುವ ಹೊಳೆಯುವ ಬಿಸಿ ಆವಿಯನ್ನು, ಅಂದರೆ ಪ್ಲಾಸ್ಮಾವನ್ನು, ಬಗ್ಗಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಅಗ್ಗದ ವೆಬ್‌ಕ್ಯಾಮ್ ಜೋಡಿಸಿ ಪರದೆಯ ಮೇಲೆ ನೋಡಿ. ಒಳ್ಳೆಯ ಮೊಬೈಲನ್ನು ಆ ಕೆಲಸಕ್ಕೆ ಬಳಸಬೇಡಿ, ಅದರ ಸೆನ್ಸರ್ ಒಂದೇ ಹೊಳಪಿಗೆ ಹೋಗಬಹುದು.

ಹೊಡೆದ ಲೋಹ ಆವಿಯಾಗಿ, ತಣಿದು, ಅತಿ ಸಣ್ಣ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ. ಗಾಳಿ ಹೀರುವ ಕೊಳವೆಯನ್ನು ಗುರಿಯ ಹತ್ತಿರವೇ ಇಟ್ಟು ಹೆಪಾ ಫಿಲ್ಟರ್ ಮೂಲಕ ಹೊರಬಿಡಿ. ಅಲ್ಯುಮಿನಿಯಮ್, ಮೆಗ್ನೀಸಿಯಮ್, ಟೈಟೇನಿಯಮ್ ಹೊಡೆಯುವವರು ಫಿಲ್ಟರಿನಲ್ಲಿ ಕೂಡಿದ ಪುಡಿ ಹೊತ್ತಿಕೊಳ್ಳಬಹುದು ಎಂಬುದನ್ನು ಮರೆಯಬಾರದು.

ಹಂತ 2: ಸಾಮಾನು

ಎನರ್ಜಿ ಮೀಟರ್, ಅರ್ಧತರಂಗ ಫಲಕ ಮತ್ತು ಪೋಲರೈಸರ್, 200ರಿಂದ 300 ಮಿಲಿಮೀಟರ್ ನಾಭಿದೂರದ ಲೆನ್ಸ್, ಎತ್ತರವನ್ನು ಮೈಕ್ರೋಮೀಟರ್ ತಿರುಪಿನಿಂದ ಹೊಂದಿಸುವ ಸ್ಟೇಜ್, ಅಳತೆಯ ಗೆರೆಗಳಿರುವ ಸೂಕ್ಷ್ಮದರ್ಶಕ, 0.01 ಮಿಲಿಗ್ರಾಂ ತೋರಿಸುವ ತಕ್ಕಡಿ. ಇವಿಷ್ಟು ಇಲ್ಲದೆ ಶುರು ಮಾಡಬೇಡಿ. 100 ಮಿಲಿಮೀಟರ್ ಲೆನ್ಸ್ ಬೇಡ. ಅದು ಗುರಿಗೆ ತೀರಾ ಹತ್ತಿರ ಕೂರುತ್ತದೆ, ಸಿಡಿದದ್ದೆಲ್ಲ ಅದರ ಮುಖಕ್ಕೇ ಬೀಳುತ್ತದೆ.

ತಾಮ್ರದ ತಗಡು, ತವರದ ಗಟ್ಟಿ ಮುಂಬಯಿಯ ಕೀಕಾ ಸ್ಟ್ರೀಟಿನಲ್ಲಿ ಸಿಗುತ್ತವೆ. ತಿರುಪು, ಪಟ್ಟಿ, ಮರಳು ಕಾಗದದಂಥವು ಪುಣೆಯ ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ. ಆದರೆ ಅಳತೆಗೆ ಬಳಸುವ ಲೋಹವನ್ನು ಶುದ್ಧತೆಯ ಪ್ರಮಾಣಪತ್ರ ಇಲ್ಲದೆ ಕೊಳ್ಳಬೇಡಿ. ಬೆಸುಗೆಯ ತಂತಿ ಕರಗಿಸಿ ಅದನ್ನೇ ತವರ ಎಂದುಕೊಳ್ಳುವವರು ಇದ್ದಾರೆ. ಅದರಲ್ಲಿ ಸೀಸವೂ ಇರಬಹುದು, ಒಳಗೆ ರಾಳವೂ ಇರುತ್ತದೆ. ಫಲಿತಾಂಶ ಕೆಡುವುದು ಹಾಗಿರಲಿ, ಸೀಸದ ಹೊಗೆ ಕುಡಿಯುತ್ತೀರಿ. ಪಾದರಸದ ಯೋಚನೆಯನ್ನೇ ಬಿಡಿ. ಕೋಣೆಯ ಉಷ್ಣತೆಯಲ್ಲೇ ಆವಿಯಾಗುವ ವಿಷಲೋಹಕ್ಕೆ ಲೇಸರ್ ಹೊಡೆಯುವ ಅಗತ್ಯ ಯಾವ ಪ್ರಾಜೆಕ್ಟಿಗೂ ಇಲ್ಲ.

ಹಂತ 3: ಲೇಸರನ್ನು ಮುಟ್ಟದೆ ಎನರ್ಜಿ ಬದಲಿಸುವುದು

ಲೇಸರ್ ಚಾಲೂ ಮಾಡಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿ ಇಡೀ ದಿನದ ಅಳತೆ ಕೆಡಿಸಿಕೊಳ್ಳುವವರು ಬಹಳ. ಒಳಗಿನ ಹರಳು ಬಿಸಿಯಾಗಿ ತಾನೇ ಒಂದು ದುರ್ಬಲ ಲೆನ್ಸಿನಂತೆ ವರ್ತಿಸುತ್ತದೆ. ಆ ಬಿಸಿ ಒಂದು ಮಟ್ಟಕ್ಕೆ ನಿಲ್ಲುವವರೆಗೆ ಕಿರಣದ ಹರವು ಬದಲಾಗುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ, ಎನರ್ಜಿ ಕಡಿಮೆ ಮಾಡಲು ಹರಳಿಗೆ ಶಕ್ತಿ ತುಂಬುವ ಲ್ಯಾಂಪಿನ ವೋಲ್ಟೇಜ್ ಇಳಿಸಬಾರದು, ಕ್ಯೂ-ಸ್ವಿಚ್ ವಿಳಂಬವನ್ನೂ ತಿರುಗಿಸಬಾರದು. ಎನರ್ಜಿಯ ಜೊತೆಗೆ ಪಲ್ಸಿನ ಉದ್ದವೂ ಕಿರಣದ ಆಕಾರವೂ ಬದಲಾಗುತ್ತವೆ. ಒಂದನ್ನು ಬದಲಿಸಿದೆ ಎಂದುಕೊಂಡು ಮೂರನ್ನು ಬದಲಿಸಿರುತ್ತೀರಿ. ಲೇಸರನ್ನು ಒಂದೇ ಸ್ಥಿತಿಯಲ್ಲಿ ಓಡಲು ಬಿಟ್ಟು, ಹೊರಗೆ ಅರ್ಧತರಂಗ ಫಲಕ ತಿರುಗಿಸಿ ಪೋಲರೈಸರ್ ಮೂಲಕ ಕಡಿಮೆ ಮಾಡಿ. ಸೆಕೆಂಡಿಗೆ ಒಂದೇ ಪಲ್ಸ್ ಬೇಕಾದರೂ ಲ್ಯಾಂಪ್ ಹತ್ತರ ವೇಗದಲ್ಲೇ ಮಿನುಗಲಿ, ಕ್ಯೂ-ಸ್ವಿಚ್ ಮಾತ್ರ ಹತ್ತಕ್ಕೊಮ್ಮೆ ತೆರೆಯಲಿ. ಹೆಚ್ಚಿನ ಯಂತ್ರಗಳಲ್ಲಿ ಈ ಸೌಲಭ್ಯ ಇರುತ್ತದೆ, ಕೈಪಿಡಿ ತೆರೆದವರು ಕಡಿಮೆ.

ಎನರ್ಜಿಯನ್ನು ಲೇಸರಿನ ಬಾಯಲ್ಲಿ ಅಳೆದು ತೃಪ್ತರಾಗಬೇಡಿ. ಲೇಪನವಿಲ್ಲದ ಗಾಜಿನ ಒಂದೊಂದು ಮುಖವೂ ಸುಮಾರು 4 ಶೇಕಡಾ ಹಿಂದಕ್ಕೆ ಕಳಿಸುತ್ತದೆ. ಒಂದು ಕಿಟಕಿ ಎಂದರೆ 8 ಶೇಕಡಾ ಹೋಯಿತು. ಲೆನ್ಸ್, ಕಿಟಕಿ, ರಕ್ಷಣಾ ಗಾಜು ಎಲ್ಲ ದಾಟಿದ ಮೇಲೆ ಮೀಟರ್ ಇಡಿ. ಆದರೆ ನಾಭಿಯಲ್ಲಿ ಅಲ್ಲ. ಕಿರಣ ಇನ್ನೂ ಅಗಲವಾಗಿರುವ ಜಾಗದಲ್ಲಿ ಇಡದಿದ್ದರೆ ಮೀಟರಿನ ಮೇಲ್ಮೈಗೇ ಕುಳಿ ಬೀಳುತ್ತದೆ.

ಮಳೆಗಾಲಕ್ಕೆ ಒಂದು ಮಾತು. ಜುಲೈಯಲ್ಲಿ ಮುಂಬಯಿಯ ಕೋಣೆ 28 ಡಿಗ್ರಿ, ತೇವಾಂಶ 85 ಶೇಕಡಾ ಇದ್ದರೆ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಲೇಸರನ್ನು ನೀರಿನಿಂದ ತಂಪಾಗಿಡುವ ಚಿಲ್ಲರನ್ನು ಅದಕ್ಕಿಂತ ಕೆಳಗಿಟ್ಟರೆ ತಂಪಾದ ಭಾಗಗಳ ಮೇಲೆ ನೀರು ಕೂರುತ್ತದೆ, ಆ ನೀರಿನ ಮೇಲೆ ಪಲ್ಸ್ ಬಿದ್ದರೆ ಲೇಪನ ಸುಡುತ್ತದೆ. ಗೋವಾದ ಕಡಲ ಗಾಳಿಯಲ್ಲೂ ಇದೇ ಕತೆ. ಚಿಲ್ಲರಿಗೆ ಡಿಅಯಾನೈಸ್ಡ್ ನೀರನ್ನೇ ಹಾಕಿ, ನಲ್ಲಿಯ ನೀರು ಬೇಡ. ಪುಣೆಯವರು ಗುರುವಾರ ದೀರ್ಘ ಪ್ರಯೋಗ ಇಟ್ಟುಕೊಳ್ಳದಿರುವುದು ಒಳ್ಳೆಯದು. ವಿದ್ಯುತ್ ದುರಸ್ತಿಯ ದಿನವದು. ಕರಗಿದ ತವರ ಮೂಸೆಯಲ್ಲಿರುವಾಗ ಕರೆಂಟು ಹೋದರೆ ಮತ್ತೆ ಮೊದಲಿಂದ.

ಹಂತ 4: ಚುಕ್ಕೆಯ ಅಳತೆ

ಗಡಿಬಿಡಿ ಮಾಡಬಾರದ ಹಂತವೆಂದರೆ ಇದೇ. ಚದರ ಸೆಂಟಿಮೀಟರಿಗೆ ಎಷ್ಟು ಜೂಲ್ ಬಿತ್ತು ಎಂಬುದಕ್ಕೆ ಫ್ಲೂಯೆನ್ಸ್ ಎನ್ನುತ್ತಾರೆ. ಎನರ್ಜಿ ಮೀಟರ್ ಶೇಕಡಾ ಐದರೊಳಗೆ ಸರಿ ಹೇಳಿದರೂ ಚುಕ್ಕೆಯ ಅಳತೆ ತಪ್ಪಿದರೆ ಫ್ಲೂಯೆನ್ಸ್ ಹತ್ತು ಪಟ್ಟು ತಪ್ಪಬಹುದು.

ಒಂದು ಲೆಕ್ಕ ನೋಡಿ. ಲೆನ್ಸಿಗೆ ಬೀಳುವ ಕಿರಣದ ತ್ರಿಜ್ಯ 4 ಮಿಲಿಮೀಟರ್, ನಾಭಿದೂರ 200 ಮಿಲಿಮೀಟರ್, ಕಿರಣದ ಗುಣಾಂಕ (ಆದರ್ಶ ಕಿರಣಕ್ಕಿಂತ ಎಷ್ಟು ಪಟ್ಟು ಹೆಚ್ಚು ಹರಡುತ್ತದೆ ಎಂಬ ಅಂಕೆ) 2 ಎಂದುಕೊಂಡರೆ 1064ರಲ್ಲಿ ನಾಭಿಯ ಚುಕ್ಕೆಯ ತ್ರಿಜ್ಯ ಸುಮಾರು 34 ಮೈಕ್ರೋಮೀಟರ್. ಅದೇ ಲೋಹವನ್ನು ನಾಭಿಗಿಂತ 5 ಮಿಲಿಮೀಟರ್ ಲೆನ್ಸಿನ ಕಡೆಗೆ ಸರಿಸಿದರೆ ತ್ರಿಜ್ಯ ಸುಮಾರು 106 ಆಗುತ್ತದೆ. 5 ಮಿಲಿಜೂಲ್ ಪಲ್ಸಿಗೆ ಚುಕ್ಕೆಯ ನಟ್ಟನಡುವಿನ ಫ್ಲೂಯೆನ್ಸ್ ಮೊದಲನೆಯದರಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 275 ಜೂಲ್, ಎರಡನೆಯದರಲ್ಲಿ 28. ಮೀಟರ್ ಎರಡಕ್ಕೂ 5 ಎಂದೇ ಹೇಳುತ್ತದೆ.

ಮೊದಲು ಒರಟು ಅಂದಾಜು. ಬಸ್ಸಿನ ಯಂತ್ರದಿಂದ ಬರುವ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದ. ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಲೆನ್ಸಿಲ್ಲದ ಕಿರಣಕ್ಕೆ ಒಂದೇ ಪಲ್ಸ್ ಕೊಡಿ. ಚೀಲ ಬೇಕೇ ಬೇಕು, ಇಲ್ಲದಿದ್ದರೆ ಕಾಗದದ ಬೂದಿ ಹಾರಿ ಕನ್ನಡಿಗಳಿಗೆ ಅಂಟುತ್ತದೆ. ಗುರುತು ದುಂಡಗೆ, ನಡುವೆ ಗಾಢವಾಗಿ ಬಂದರೆ ಸರಿ. ಅರ್ಧಚಂದ್ರವಾಗಿ ಬಂದರೆ ಯಾವುದೋ ಕನ್ನಡಿಯ ಅಂಚು ಕಿರಣವನ್ನು ಕತ್ತರಿಸುತ್ತಿದೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ನಿಖರ ಅಳತೆಗೆ ನಯಗೊಳಿಸಿದ ಲೋಹದ ಚೂರನ್ನೋ ಸಿಲಿಕಾನ್ ಬಿಲ್ಲೆಯನ್ನೋ ಮುಂದೆ ಗುರಿಯ ಮೇಲ್ಮೈ ಇರಲಿರುವ ಎತ್ತರದಲ್ಲೇ ಇಡಿ. ಎಂಟು ಹತ್ತು ಬೇರೆ ಬೇರೆ ಎನರ್ಜಿಗಳಲ್ಲಿ, ಪ್ರತಿಯೊಂದನ್ನೂ ಹೊಸ ಜಾಗಕ್ಕೆ, ಒಂದೊಂದೇ ಪಲ್ಸ್ ಹೊಡೆಯಿರಿ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಗುರುತಿನ ವ್ಯಾಸ ಅಳೆದು, ವ್ಯಾಸದ ವರ್ಗವನ್ನು ನಿಲುವು ಅಕ್ಷದಲ್ಲೂ ಎನರ್ಜಿಯ ನೈಸರ್ಗಿಕ ಲಾಗರಿದಮ್ ಅನ್ನು ಅಡ್ಡ ಅಕ್ಷದಲ್ಲೂ ಗುರುತಿಸಿ. ಸರಳ ರೇಖೆ ಬರಬೇಕು. ಆ ರೇಖೆಯ ಇಳಿಜಾರು ಕಿರಣದ ತ್ರಿಜ್ಯದ ವರ್ಗದ ಎರಡರಷ್ಟು. ವ್ಯಾಸ ಸೊನ್ನೆಯಾಗುವ ಜಾಗದ ಎನರ್ಜಿಯೇ ಹೊಸ್ತಿಲು, ಅಂದರೆ ಗುರುತು ಬೀಳಲು ಬೇಕಾದ ಕನಿಷ್ಠ ಎನರ್ಜಿ. 1982ರಲ್ಲಿ ಲಿಯೂ ಎಂಬ ಸಂಶೋಧಕ ಪ್ರಕಟಿಸಿದ ವಿಧಾನವಿದು, ಈಗಲೂ ಇದಕ್ಕಿಂತ ಸುಲಭದ್ದು ಇಲ್ಲ. ಒಂದೇ ರೇಖಾಚಿತ್ರದಿಂದ ಚುಕ್ಕೆಯ ಅಳತೆ, ಹೊಸ್ತಿಲು ಎರಡೂ ಸಿಗುತ್ತವೆ.

ರೇಖೆ ಬಾಗಿದರೆ ಬಿಂದುಗಳನ್ನು ಕೈಬಿಟ್ಟು ನೇರ ಮಾಡಲು ಹೋಗಬೇಡಿ. ನಿಮ್ಮ ಕಿರಣ ಗಾಸಿಯನ್ ಆಕಾರದ್ದಲ್ಲ (ನಡುವೆ ಗರಿಷ್ಠವಾಗಿದ್ದು ಅಂಚಿನ ಕಡೆ ಗಂಟೆಯಾಕಾರದಲ್ಲಿ ಇಳಿಯುವಂಥದ್ದಲ್ಲ) ಎಂದು ಅದು ಹೇಳುತ್ತಿದೆ. ಆಗ ಗಾಸಿಯನ್ ಸೂತ್ರ ಬಿಟ್ಟು, ಸುಟ್ಟ ಜಾಗದ ವಿಸ್ತೀರ್ಣಕ್ಕೆ ಸರಾಸರಿ ಫ್ಲೂಯೆನ್ಸ್ ಲೆಕ್ಕ ಹಾಕಿ, ವರದಿಯಲ್ಲೂ ಹಾಗೆಂದೇ ಬರೆಯಿರಿ. ಇನ್ನೊಂದು ಗೊಂದಲ ಚುಕ್ಕೆಯ ನಟ್ಟನಡುವಿನ ಫ್ಲೂಯೆನ್ಸ್ ಮತ್ತು ಎನರ್ಜಿಯನ್ನು ಕಿರಣದ ತ್ರಿಜ್ಯದ ವೃತ್ತಕ್ಕೆ ಹಂಚಿದರೆ ಬರುವ ಸರಾಸರಿಯದ್ದು. ಗಾಸಿಯನ್ ಕಿರಣದಲ್ಲಿ ಮೊದಲನೆಯದು ಎರಡನೆಯದರ ಸರಿಯಾಗಿ ಎರಡು ಪಟ್ಟು. ಇಬ್ಬರು ಗೆಳೆಯರ ಹೊಸ್ತಿಲು ದುಪ್ಪಟ್ಟು ವ್ಯತ್ಯಾಸ ತೋರಿಸಿದರೆ ಜಗಳಕ್ಕೆ ಮುಂಚೆ ಯಾರು ಯಾವುದನ್ನು ಬರೆದಿದ್ದಾರೆ ಎಂದು ಕೇಳಿ.

ನಾಭಿ ಯಾವಾಗಲೂ ಲೋಹದ ಮೇಲ್ಮೈಗಿಂತ ಕೆಲವು ಮಿಲಿಮೀಟರ್ ಒಳಗೆ ಇರಲಿ. ಮೇಲ್ಮೈಗಿಂತ ಮೇಲೆ ಬಂದರೆ ಗಾಳಿಯೇ ಒಡೆದು ಕಿಡಿಯಾಗುತ್ತದೆ, ಲೋಹಕ್ಕೆ ತಲುಪುವುದು ಉಳಿದ ಚೂರುಪಾರು. ಬಿಳಿಯ ಕಿಡಿ ಮೇಲ್ಮೈಯಿಂದ ಬೇರ್ಪಟ್ಟು ಗಾಳಿಯಲ್ಲಿ ತೂಗುತ್ತಿದ್ದರೆ, ಸದ್ದು ಕಿವಿಗೆ ಚುಚ್ಚುವಂತಿದ್ದರೆ ಅದೇ ಆಗಿದೆ.

ಹಂತ 5: ಗಟ್ಟಿ ಲೋಹ

ತಾಮ್ರವನ್ನು 600, 1200, 2000 ನಂಬರಿನ ಮರಳು ಕಾಗದದಲ್ಲಿ ಕ್ರಮವಾಗಿ ಉಜ್ಜಿ, ಕೊನೆಗೆ 1 ಮೈಕ್ರೋಮೀಟರ್ ಪೇಸ್ಟಿನಲ್ಲಿ ನಯಗೊಳಿಸಿ. ಅಸಿಟೋನಿನಲ್ಲಿ, ಆಮೇಲೆ ಆಲ್ಕೋಹಾಲಿನಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಅಂದೇ ಬಳಸಿ. ನಯಗೊಳಿಸಿದ ತಾಮ್ರ 1064ರ ಬೆಳಕಿನಲ್ಲಿ ಶೇಕಡಾ 95ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ, 532ರಲ್ಲಿ ಸುಮಾರು 60 ಶೇಕಡಾ ಮಾತ್ರ. ಹೀರಿಕೆ ಇಷ್ಟು ಕಡಿಮೆ ಇರುವಾಗ ಒಂದು ಬೆರಳ ಗುರುತು ಕೂಡ ಹೊಸ್ತಿಲನ್ನು ಅಲ್ಲಾಡಿಸುತ್ತದೆ. ಸಾಧ್ಯವಿದ್ದರೆ ತಾಮ್ರಕ್ಕೆ ಹಸಿರು ಬೆಳಕನ್ನೇ ಬಳಸಿ.

ಲೋಹವನ್ನು ಕೆಲವು ಡಿಗ್ರಿ ಓರೆಯಾಗಿ ನಿಲ್ಲಿಸಿ, ಹಿಂತಿರುಗುವ ಕಿರಣ ಲೇಸರಿನೊಳಗೆ ಹೋಗದಿರಲಿ.

ಹೊಸ್ತಿಲಿನ ಅಳತೆಗೆ ಒಂದು ಜಾಗಕ್ಕೆ ಒಂದೇ ಪಲ್ಸ್. ಮೊದಲ ಹೊಡೆತ ಬಿದ್ದ ಜಾಗ ಒರಟಾಗುತ್ತದೆ, ಎರಡನೆಯದನ್ನು ಹೆಚ್ಚು ಹೀರುತ್ತದೆ. ಹತ್ತನೆಯ ಹೊಡೆತದ ಹೊಸ್ತಿಲು ಮೊದಲನೆಯದಕ್ಕಿಂತ ಕಡಿಮೆ. ಒಂದು ಹೊಡೆತದ ಆಳ ಸಾಮಾನ್ಯವಾಗಿ ಮೈಕ್ರೋಮೀಟರಿಗಿಂತ ಕಡಿಮೆ ಇರುವುದರಿಂದ ಆಳ ಅಳೆಯಲು ಹತ್ತಿಪ್ಪತ್ತು ಹೊಡೆತ ಕೊಟ್ಟು ಭಾಗಿಸುವುದು ಅನಿವಾರ್ಯ. ಭಾಗಿಸಿ ಬಂದ ಸಂಖ್ಯೆಯನ್ನು ಒಂದು ಪಲ್ಸಿನ ಆಳ ಎಂದು ಬರೆಯಬೇಡಿ, ಇಷ್ಟು ಪಲ್ಸಿನ ಸರಾಸರಿ ಎಂದು ಬರೆಯಿರಿ.

ಪ್ರೊಫೈಲರ್ (ಮೇಲ್ಮೈಯ ಏರಿಳಿತ ಅಳೆಯುವ ಉಪಕರಣ) ಇಲ್ಲದವರು ಸೂಕ್ಷ್ಮದರ್ಶಕದ ಸಣ್ಣ ತಿರುಪಿನಿಂದಲೇ ಆಳ ನೋಡಬಹುದು. ಮೊದಲು ಸುತ್ತಲಿನ ನಯವಾದ ಮೇಲ್ಮೈಗೆ ನಾಭಿ ಕೂಡಿಸಿ, ತಿರುಪಿನ ಅಂಕೆ ಬರೆದುಕೊಳ್ಳಿ; ಕುಳಿಯ ತಳ ಸ್ಪಷ್ಟವಾಗುವವರೆಗೆ ತಿರುಗಿಸಿ, ಮತ್ತೆ ಬರೆಯಿರಿ. ಕುಳಿಯ ಅಂಚಿನಲ್ಲಿ ಕರಗಿ ಎದ್ದು ಹೆಪ್ಪುಗಟ್ಟಿದ ದಂಡೆ ಇರುತ್ತದೆ. ಅದರಿಂದ ಅಳತೆ ಶುರು ಮಾಡಿದರೆ ಆಳ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ನಾನು ನೋಡಿದ ಹೆಚ್ಚಿನ ವರದಿಗಳಲ್ಲಿ ತಪ್ಪು ಇಲ್ಲೇ.

ಕುಳಿ ಸಾಕಷ್ಟು ಆಳವಾಗುತ್ತಿಲ್ಲ ಎಂದು ಎನರ್ಜಿ ಏರಿಸುತ್ತಾ ಹೋಗುವುದು ಇನ್ನೊಂದು ಚಾಳಿ. ಒಂದು ಮಟ್ಟದ ಮೇಲೆ ಪಲ್ಸಿನ ಮೊದಲ ಭಾಗ ಎಬ್ಬಿಸಿದ ಪ್ಲಾಸ್ಮಾ ಉಳಿದ ಭಾಗವನ್ನು ತಾನೇ ನುಂಗುತ್ತದೆ. ಬೆಳಕು ಹೆಚ್ಚುತ್ತದೆ, ಸದ್ದು ಹೆಚ್ಚುತ್ತದೆ, ಆಳ ನಿಂತಲ್ಲೇ ನಿಲ್ಲುತ್ತದೆ. 532ಕ್ಕಿಂತ 1064ರಲ್ಲಿ ಈ ಕಾಟ ಜಾಸ್ತಿ.

ಕುಳಿಗಳ ನಡುವೆ ವ್ಯಾಸದ ಮೂರು ಪಟ್ಟಾದರೂ ಅಂತರ ಬಿಡಿ. ಗಾಳಿ ಹೀರುವ ಕೊಳವೆಯ ಕಡೆಯಿಂದ ಶುರು ಮಾಡಿ ಅದರಿಂದ ದೂರ ಸರಿಯುತ್ತಾ ಹೊಡೆಯಿರಿ. ಆಗ ಹಾರಿದ ಪುಡಿ ಹೊಸ ಜಾಗದ ಮೇಲೆ ಕೂರುವುದಿಲ್ಲ.

ಹಂತ 6: ದ್ರವ ಲೋಹ

ದ್ರವದಲ್ಲಿ ಕುಳಿ ಉಳಿಯುವುದಿಲ್ಲ, ಪ್ರತಿ ಪಲ್ಸಿಗೂ ಹೊಸ ಮೇಲ್ಮೈ ಸಿಗುತ್ತದೆ. ಈ ಅನುಕೂಲಕ್ಕೆ ಆಸೆಪಟ್ಟೇ ಎಲ್ಲರೂ ಬರುತ್ತಾರೆ. ಅದಕ್ಕೆ ಕೊಡಬೇಕಾದ ಬೆಲೆ ಮೂರು: ಮೇಲ್ಮೈಯನ್ನು ಓರೆ ಮಾಡಲಾಗದು, ಅದು ಅಲೆಯಾಡುತ್ತದೆ, ಅದರ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ.

ಪಾತ್ರೆ. ಗ್ಯಾಲಿಯಮ್‌ಗೆ ಟೆಫ್ಲಾನ್, ತವರಕ್ಕೆ ಗ್ರಾಫೈಟ್ ಅಥವಾ ಅಲ್ಯುಮಿನಾ ಮೂಸೆ. ಗ್ಯಾಲಿಯಮ್ ಇರುವ ಮೇಜಿನ ಮೇಲೆ ಅಲ್ಯುಮಿನಿಯಮ್ ಇರಲೇಬಾರದು. ಅದು ಅಲ್ಯುಮಿನಿಯಮ್‌ನ ಹರಳುಗಳ ನಡುವೆ ಇಳಿದು ಗಟ್ಟಿ ತುಂಡನ್ನು ಕೈಯಲ್ಲಿ ಮುರಿಯುವಂತೆ ಮಾಡುತ್ತದೆ. ಲೆನ್ಸ್ ಹಿಡಿಯುವ ಚೌಕಟ್ಟು, ಬ್ರೆಡ್‌ಬೋರ್ಡ್, ಸ್ಟೇಜ್ ಎಲ್ಲವೂ ಸಾಮಾನ್ಯವಾಗಿ ಅಲ್ಯುಮಿನಿಯಮ್. ಕೆಳಗೆ ಅಂಚಿರುವ ಪ್ಲಾಸ್ಟಿಕ್ ತಟ್ಟೆ ಇಟ್ಟು ಅದರೊಳಗೇ ಎಲ್ಲ ಕೆಲಸ ಮಾಡಿ.

ಪಾತ್ರೆ ಸಣ್ಣದಾದರೆ ಮೇಲ್ಮೈ ಉಬ್ಬಿಕೊಂಡೇ ಇರುತ್ತದೆ. ಗ್ಯಾಲಿಯಮ್‌ನ ಮೇಲ್ಮೈ ಅಂಚಿನಿಂದ ಒಳಕ್ಕೆ ಮೂರು ನಾಲ್ಕು ಮಿಲಿಮೀಟರ್ ದೂರ ಗಮನಾರ್ಹವಾಗಿ ಬಾಗಿರುತ್ತದೆ, ಆ ಬಾಗು ಸಂಪೂರ್ಣ ಅಳಿಯಲು ಇನ್ನಷ್ಟು ದೂರ ಬೇಕು. ಆದ್ದರಿಂದ ವ್ಯಾಸ ಕನಿಷ್ಠ 30 ಮಿಲಿಮೀಟರ್ ಇರಲಿ. 5 ಮಿಲಿಮೀಟರ್ ಆಳಕ್ಕೆ ಸುಮಾರು 22 ಗ್ರಾಂ ಗ್ಯಾಲಿಯಮ್ ಬೇಕಾಗುತ್ತದೆ.

ಉಷ್ಣತೆ. ಗ್ಯಾಲಿಯಮ್ ಕರಗುವುದು 29.76 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ಪುಣೆಯಲ್ಲಿ ಅದು ಬಾಟಲಿಯಲ್ಲೇ ಕರಗಿ ಕೂತಿರುತ್ತದೆ. ಜನವರಿಯ ಬೆಳಗ್ಗೆ ಕಲ್ಲಾಗಿರುತ್ತದೆ. ಬಿಸಿ ತಟ್ಟೆಯಿಂದ 35 ಡಿಗ್ರಿಯಲ್ಲಿ ನಿಲ್ಲಿಸಿ. ತವರ ಕರಗುವುದು 231.9 ಡಿಗ್ರಿಗೆ, 260ರ ಆಸುಪಾಸು ಕೆಲಸಕ್ಕೆ ಸರಿ. ಬಿಸಿ ತಟ್ಟೆಯ ಅಂಕೆಯನ್ನು ನಂಬಬೇಡಿ, ಥರ್ಮೋಕಪಲ್ ತುದಿಯನ್ನು ಲೋಹದೊಳಗೇ ಮುಳುಗಿಸಿ. ಕರಗಿದ ತವರಕ್ಕೆ ತೇವದ ಚಮಚ ತಾಗಿಸಿದರೆ ನೀರು ಒಮ್ಮೆಲೇ ಹಬೆಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಮಳೆಗಾಲದಲ್ಲಿ ಒಣಗಿದಂತೆ ಕಾಣುವ ಉಪಕರಣವನ್ನೂ ಮೊದಲು ಬಿಸಿ ತಟ್ಟೆಯ ಅಂಚಿನಲ್ಲಿ ಕಾಯಿಸಿ.

ಪೊರೆ. ಗ್ಯಾಲಿಯಮ್ ಗಾಳಿ ಕಂಡ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಹೊದ್ದುಕೊಳ್ಳುತ್ತದೆ. ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿ ನೋಡಿ. ಶುದ್ಧ ಲೋಹ ನೀರಿನಂತೆ ಜಾರುತ್ತದೆ. ಪೊರೆ ಇದ್ದರೆ ಮೇಲ್ಮೈ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಗೋಡೆಗೆ ಅಂಟಿಕೊಳ್ಳುತ್ತದೆ. ಸುಕ್ಕಿನ ಮೇಲೆ ಹೊಡೆದ ಪಲ್ಸಿನ ಅಳತೆ ಅಳತೆಯೇ ಅಲ್ಲ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪೊರೆ ಕರಗಿ ಮಂಕು ಬೂದು ಬಣ್ಣ ಒಮ್ಮೆಗೇ ಕನ್ನಡಿಯಾಗುತ್ತದೆ. ಇದನ್ನು ಲೇಸರ್ ಕೋಣೆಯಲ್ಲಿ ಮಾಡಬೇಡಿ, ಆಮ್ಲದ ಆವಿ ಲೆನ್ಸ್ ಲೇಪನವನ್ನು ತಿನ್ನುತ್ತದೆ. ಹೊರಗೆ ಫ್ಯೂಮ್ ಹುಡ್‌ನಲ್ಲಿ ತೊಳೆದು, ನೀರು ಬಸಿದು, ಪ್ಲಾಸ್ಟಿಕ್ ಸಿರಿಂಜಿನ ತುದಿಯನ್ನು ಮೇಲ್ಮೈಯ ಕೆಳಗೆ ಇಳಿಸಿ ಅಲ್ಲಿಂದ ಎಳೆದುಕೊಳ್ಳಿ. ಪೊರೆ ಮೇಲೇ ಉಳಿಯುತ್ತದೆ, ಸಿರಿಂಜಿಗೆ ಬರುವುದು ಒಳಗಿನ ಶುದ್ಧ ಲೋಹ. ಆರ್ಗಾನ್ ತುಂಬಿದ ಡಬ್ಬಿಯಲ್ಲಿ ಅದನ್ನು ಪಾತ್ರೆಗೆ ಬಿಡಿ. ಆರ್ಗಾನ್ ಪಕ್ಕದಿಂದ ನಿಧಾನವಾಗಿ ಬರಲಿ. ಮೇಲಿಂದ ಊದಿದರೆ ಅದೇ ಅಲೆ ಎಬ್ಬಿಸುತ್ತದೆ. ತವರದ ಮೇಲಿನ ಮಡ್ಡಿಯನ್ನು ಕಾಯಿಸಿದ ಗ್ರಾಫೈಟ್ ಪಟ್ಟಿಯಿಂದ ಬದಿಗೆ ಎಳೆದರೆ ಸಾಕು.

ಕಿರಣ. ಮೇಲಿಂದ ಕೆಳಗೆ ಬರಬೇಕು, ಆದರೆ ನೆಟ್ಟಗೆ ಅಲ್ಲ. ದ್ರವ ಲೋಹ ಸಮತಟ್ಟಾದ ಕನ್ನಡಿ. ನೆಟ್ಟಗೆ ಬಿದ್ದದ್ದು ಬಂದ ದಾರಿಯಲ್ಲೇ ಹಿಂತಿರುಗಿ ಲೇಸರಿನ ಒಳಗನ್ನು ಸುಡುತ್ತದೆ. ಗಟ್ಟಿ ಲೋಹದಲ್ಲಿ ಗುರಿಯನ್ನು ಓರೆ ಮಾಡಿದಿರಿ, ಇಲ್ಲಿ ಕಿರಣವನ್ನೇ 5ರಿಂದ 10 ಡಿಗ್ರಿ ಓರೆ ಮಾಡಬೇಕು. ಪ್ರತಿಫಲಿಸಿದ ಕಿರಣ ಚಾವಣಿಯ ಕಡೆ ಹೋಗುತ್ತದೆ, ಅಲ್ಲಿ ಅದನ್ನು ಹೀರುವ ಕಪ್ಪು ಡಂಪ್ ಇಡಿ. ಮೇಜಿನ ಮಟ್ಟಕ್ಕೆ ಮಾತ್ರ ಪರದೆ ಕಟ್ಟಿಕೊಂಡಿರುವ ಕೋಣೆಗಳಲ್ಲಿ ಇದೇ ದೊಡ್ಡ ಅಪಾಯ.

ಎತ್ತರ. ನಾಲ್ಕನೇ ಹಂತದ ಲೆಕ್ಕವನ್ನೇ ಹಿಡಿದರೆ, ದ್ರವದ ಮಟ್ಟ 1 ಮಿಲಿಮೀಟರ್ ಇಳಿದರೆ ಮೇಲ್ಮೈ ನಾಭಿಗೆ ಹತ್ತಿರವಾಗಿ ಫ್ಲೂಯೆನ್ಸ್ ಸುಮಾರು ಒಂದೂವರೆ ಪಟ್ಟಾಗುತ್ತದೆ. ಸಿರಿಂಜಿನಿಂದ ಒಂದು ದಿನ ತುಸು ಹೆಚ್ಚು, ಇನ್ನೊಂದು ದಿನ ತುಸು ಕಡಿಮೆ ಹಾಕಿದರೆ ಇಷ್ಟು ವ್ಯತ್ಯಾಸ ಸಹಜ. ಲೋಹವನ್ನು ತೂಗಿ ಹಾಕಿ, ಹಾಕಿದ ಮೇಲೆ ಎತ್ತರ ಪರೀಕ್ಷಿಸಿ. ಮೊನಚು ತಂತಿಯೊಂದನ್ನು ಮೈಕ್ರೋಮೀಟರ್ ತಿರುಪಿಗೆ ಕಟ್ಟಿ ಇಳಿಸಿ. ತುದಿಯೂ ಅದರ ಪ್ರತಿಬಿಂಬವೂ ಒಂದನ್ನೊಂದು ಮುಟ್ಟುವ ಕ್ಷಣವೇ ಮೇಲ್ಮೈ.

ಅಲೆ. ವಿಜಯಪುರದ ಹುಡುಗನೊಬ್ಬ ಫೋನಿನಲ್ಲಿ ಹೇಳಿದ: "ಸರ್, ಒಂದೊಂದೇ ಹೊಡೆದರೆ ಸರಿ ಬರುತ್ತದೆ, ಹತ್ತು ಹರ್ಟ್ಸ್‌ನಲ್ಲಿ ಓಡಿಸಿದರೆ ಲೆನ್ಸ್ ತುಂಬ ಗ್ಯಾಲಿಯಮ್." ಪಾತ್ರೆಯ ಅಳತೆ ಕೇಳಿದೆ: 30 ಮಿಲಿಮೀಟರ್ ವ್ಯಾಸ, 5 ಮಿಲಿಮೀಟರ್ ಆಳ. ಗ್ಯಾಲಿಯಮ್‌ನ ಸಾಂದ್ರತೆ, ಮೇಲ್ಮೈ ಸೆಳೆತ ಹಾಕಿ ಲೆಕ್ಕ ಮಾಡಿದರೆ ಅಂಥ ಪಾತ್ರೆಯಲ್ಲಿ ನಡುವಿನಿಂದ ಎದ್ದು ಅಂಚಿಗೆ ಹೋಗಿ ಬರುವ ದುಂಡನೆಯ ಅಲೆಯ ಸ್ವಂತ ಆವರ್ತನವೇ ಸುಮಾರು 10 ಹರ್ಟ್ಸ್! ಪ್ರತಿ ಪಲ್ಸೂ ಹಿಂದಿನ ಅಲೆ ನಡುವೆ ಏಳುವ ಹೊತ್ತಿಗೇ ಬಿದ್ದು ಅದನ್ನು ಬೆಳೆಸುತ್ತಿತ್ತು. ಇಂಥ ಪಾತ್ರೆಯಲ್ಲಿ ಸೆಕೆಂಡಿಗೆ ಒಂದು ಪಲ್ಸ್, ಸಾಲದಿದ್ದರೆ ಇನ್ನೂ ನಿಧಾನ.

ಮೇಲ್ಮೈ ನಿಂತಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ಒಂದು ಕೆಂಪು ಲೇಸರ್ ಪಾಯಿಂಟರನ್ನು ಸ್ಟ್ಯಾಂಡಿಗೆ ಬಿಗಿದು ದ್ರವದ ಮೇಲೆ ಓರೆಯಾಗಿ ಬಿಟ್ಟು, ಪ್ರತಿಫಲಿಸಿದ ಚುಕ್ಕೆಯನ್ನು ದೂರದ ಪರದೆಯ ಮೇಲೆ ಬೀಳಿಸಿ. ಮುಖ್ಯ ಲೇಸರ್ ಓಡುವಾಗ ಆ ಪರದೆಯನ್ನೂ ಕ್ಯಾಮೆರಾದಲ್ಲೇ ನೋಡಬೇಕು. ಚುಕ್ಕೆ ನಿಂತರೆ ಮೇಲ್ಮೈ ನಿಂತಿದೆ. ರೋಟರಿ ಪಂಪ್ ಚಾಲೂ ಆದ ಕೂಡಲೇ ಚುಕ್ಕೆ ಮಸುಕು ಗೆರೆಯಾಗುವುದನ್ನು ನೋಡಿದವರು ಪಂಪನ್ನು ಮೇಜಿನ ಕಾಲಿಗೆ ತಾಗಿಸಿ ಇಡುವುದಿಲ್ಲ.

ಸಿಡಿತ. ಪಾತ್ರೆಯ ಮೇಲೆ 10 ಮಿಲಿಮೀಟರ್ ತೂತಿರುವ ಸ್ಟೀಲ್ ತಗಡೊಂದನ್ನು ಅಡ್ಡ ಇಡಿ. ಓರೆಯಾಗಿ ಹಾರುವ ಹನಿಗಳು ಅದಕ್ಕೇ ಬಡಿಯುತ್ತವೆ. ಅದನ್ನೂ ದಾಟಿದ್ದಕ್ಕೆ ಲೆನ್ಸಿನ ಕೆಳಗೆ ತೆಳು ಗಾಜಿನ ಪಟ್ಟಿ ಇಟ್ಟು ಆಗಾಗ ಸರಿಸಿ. ಮಸುಕಾದ ಗಾಜಿನ ಮೇಲೆ ಹೊಡೆಯುತ್ತಾ ಹೋದರೆ ಎನರ್ಜಿ ಕುಸಿಯುತ್ತದೆ, ಆಮೇಲೆ ಗಾಜೇ ಸಿಡಿಯುತ್ತದೆ.

ಹಂತ 7: ಎರಡನ್ನೂ ಹೋಲಿಸುವಾಗ

ಒಂದೇ ಲೋಹದ ಗಟ್ಟಿ ರೂಪ, ದ್ರವ ರೂಪ ಹೋಲಿಸಲು ಗ್ಯಾಲಿಯಮ್‌ನಷ್ಟು ಅನುಕೂಲ ಬೇರೆಯದಿಲ್ಲ. 25 ಡಿಗ್ರಿಯಲ್ಲಿ ಗಟ್ಟಿ, 35ರಲ್ಲಿ ದ್ರವ, ನಡುವೆ ಬರೀ ಹತ್ತು ಡಿಗ್ರಿ. ಆದರೆ 25ಕ್ಕೆ ಇಳಿಸಿದ ಮಾತ್ರಕ್ಕೆ ಗಟ್ಟಿಯಾಗಿದೆ ಎಂದುಕೊಳ್ಳಬೇಡಿ. ಗ್ಯಾಲಿಯಮ್ ಕರಗುವ ಬಿಂದುವಿಗಿಂತ ಬಹಳ ಕೆಳಗೂ ದ್ರವವಾಗಿಯೇ ಕೂರಬಲ್ಲದು. ಒಂದು ಗಟ್ಟಿ ಚೂರನ್ನು ಬೀಜವಾಗಿ ಹಾಕಿ, ಕಡ್ಡಿಯಿಂದ ತಟ್ಟಿ ನೋಡಿ. ಗಟ್ಟಿಯಾದಾಗ ಅದು ಸುಮಾರು 3 ಶೇಕಡಾ ಹಿಗ್ಗುವುದರಿಂದ ಮೇಲ್ಮೈಯ ಎತ್ತರವನ್ನು ಮತ್ತೆ ಅಳೆಯಬೇಕು.

ಕರಗಿಸುವ ಖರ್ಚು ಉಳಿಯಿತು, ಆದ್ದರಿಂದ ದ್ರವದಲ್ಲಿ ಹೊಸ್ತಿಲು ಬಹಳ ಕಡಿಮೆ ಇರಬೇಕು ಎಂದು ಹೆಚ್ಚಿನವರು ನಿರೀಕ್ಷಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಗ್ಯಾಲಿಯಮ್ ಕರಗಲು ಮೋಲಿಗೆ ಸುಮಾರು 5.6 ಕಿಲೋಜೂಲ್ ಬೇಕು, ಆವಿಯಾಗಲು 250ಕ್ಕಿಂತ ಹೆಚ್ಚು. ಉಳಿತಾಯ ಶೇಕಡಾ ಎರಡರ ಆಸುಪಾಸು. ಅಲ್ಲದೆ ಗಟ್ಟಿ ಲೋಹವೂ ಪಲ್ಸಿನ ಆರಂಭದಲ್ಲೇ ಕರಗಿ, ಉಳಿದ ಹೊತ್ತು ದ್ರವವಾಗಿಯೇ ಇರುತ್ತದೆ. ದೊಡ್ಡ ವ್ಯತ್ಯಾಸ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಮೇಲ್ಮೈಯ ಒರಟುತನವನ್ನು, ಪೊರೆಯನ್ನು, ಎತ್ತರವನ್ನು. ತವರದಲ್ಲಿ ಮಾತ್ರ ಇನ್ನೊಂದು ನಿಜವಾದ ಕಾರಣವಿದೆ. ಕರಗಿದ ತವರದ ಉಷ್ಣವಾಹಕತೆ ಗಟ್ಟಿ ತವರದ ಸುಮಾರು ಅರ್ಧ. ಶಾಖ ಒಳಗೆ ಸೋರುವುದು ಕಡಿಮೆ.

ದ್ರವದಲ್ಲಿ ಗುರುತು ಉಳಿಯದ ಕಾರಣ ವ್ಯಾಸದ ವಿಧಾನದಿಂದ ಹೊಸ್ತಿಲು ತೆಗೆಯಲಾಗದು. ಚುಕ್ಕೆಯನ್ನು ಅದೇ ಎತ್ತರದ ಗಟ್ಟಿ ಚೂರಿನಿಂದ ಅಳೆದಿಟ್ಟುಕೊಂಡು, ದ್ರವದಲ್ಲಿ ಪ್ಲಾಸ್ಮಾದ ಬೆಳಕು ಯಾವ ಎನರ್ಜಿಯಲ್ಲಿ ಮೊದಲು ಕಾಣುತ್ತದೆ ಎಂದು ಫೋಟೋಡಯೋಡಿನಿಂದ ನೋಡಿ. ಸ್ಪೆಕ್ಟ್ರೋಮೀಟರ್ ಇದ್ದರೆ ಗ್ಯಾಲಿಯಮ್‌ನ 403.3 ಮತ್ತು 417.2 ನ್ಯಾನೋಮೀಟರ್ ರೇಖೆಗಳೇ ಸಾಕ್ಷಿ. ಹಾಗೆ ಬಂದದ್ದು ಪ್ಲಾಸ್ಮಾದ ಹೊಸ್ತಿಲು, ಲೋಹ ಕಳಚುವ ಹೊಸ್ತಿಲಲ್ಲ. ಗಟ್ಟಿ ಲೋಹಕ್ಕೂ ಇದೇ ವಿಧಾನ ಬಳಸಿದರೆ ಮಾತ್ರ ಹೋಲಿಕೆಗೆ ಅರ್ಥ. ತೂಕ ನೋಡುವವರಿಗೆ ಒಂದು ಅಂದಾಜು: 200 ಮೈಕ್ರೋಮೀಟರ್ ವ್ಯಾಸ, ಅರ್ಧ ಮೈಕ್ರೋಮೀಟರ್ ಆಳ ಕಳಚಿದರೆ ತಾಮ್ರದಲ್ಲಿ ಪಲ್ಸಿಗೆ ಸುಮಾರು 0.14 ಮೈಕ್ರೋಗ್ರಾಂ. ಹತ್ತು ಸಾವಿರ ಪಲ್ಸಿಗೆ 1.4 ಮಿಲಿಗ್ರಾಂ. ಸಾಮಾನ್ಯ ತಕ್ಕಡಿಯಲ್ಲಿ ನೂರು ಪಲ್ಸಿನ ತೂಕ ಹುಡುಕುವುದು ವ್ಯರ್ಥ. ದ್ರವದಲ್ಲಿ ತೂಕ ಇಳಿದದ್ದರಲ್ಲಿ ಹನಿಯಾಗಿ ಸಿಡಿದದ್ದೂ ಸೇರಿರುತ್ತದೆ, ತಗಡಿಗೂ ಗಾಜಿಗೂ ಅಂಟಿದ್ದನ್ನು ಬೇರೆ ತೂಗಿ ಕಳೆಯಿರಿ.

ಹಂತ 8: ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಸದ್ದು ಬದಲಾದರೆ ನಿಲ್ಲಿಸಿ. ಒಂದೇ ತೆರನಾದ ಟಿಕ್ ಟಿಕ್ ಮಂಕಾದರೆ ರಕ್ಷಣಾ ಗಾಜು ಮಸುಕಾಗಿದೆ ಅಥವಾ ಕುಳಿ ಆಳವಾಗಿದೆ. ಲೆನ್ಸಿನ ಮೇಲೆ ಅಥವಾ ಕನ್ನಡಿಯ ಮೇಲೆ ಚುಕ್ಕೆಯಷ್ಟು ಹೊಳಪು ಕಂಡರೆ ಲೇಪನ ಸುಡುತ್ತಿದೆ, ಇನ್ನೊಂದು ಪಲ್ಸೂ ಬೇಡ. ತಾಮ್ರದ ಪ್ಲಾಸ್ಮಾ ಹಸಿರು ಛಾಯೆಯದ್ದು. ಅದರಲ್ಲಿ ಗಾಢ ಹಳದಿ ಕಂಡರೆ ಬೆವರಿನ ಅಥವಾ ಬೆರಳ ಗುರುತಿನ ಸೋಡಿಯಮ್ ಇರಬಹುದು. ಎನರ್ಜಿ ಮೀಟರ್ ಪಲ್ಸಿನಿಂದ ಪಲ್ಸಿಗೆ ಜಿಗಿಯುತ್ತಿದ್ದರೆ ಹಿಂತಿರುಗುವ ಕಿರಣ ಲೇಸರಿನೊಳಗೆ ಹೋಗುತ್ತಿದೆಯೇ ನೋಡಿ.

ಹಂತ 9: ಮುಗಿಸುವುದು

ಮೊದಲು ಲೇಸರಿನ ಶಟರ್, ಆಮೇಲೆ ಲ್ಯಾಂಪ್. ಚಿಲ್ಲರ್ ಹತ್ತು ನಿಮಿಷ ಹೆಚ್ಚು ಓಡಲಿ. ಗಾಳಿ ಹೀರುವ ಫ್ಯಾನ್ ಕೊನೆಗೆ. ಸಿಡಿದ ಗ್ಯಾಲಿಯಮ್ ಹನಿಗಳನ್ನು ಒಣ ಬಟ್ಟೆಯಿಂದ ಒರೆಸಿದರೆ ಬೂದು ಬಣ್ಣದಂತೆ ಹರಡುತ್ತವೆ. ಮೊದಲು ಮಂಜುಗಡ್ಡೆಯ ಚೀಲ ಇಟ್ಟು ಗಟ್ಟಿ ಮಾಡಿ, ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಚರಂಡಿಗೆ ಯಾವುದನ್ನೂ ಬಿಡಬೇಡಿ, ಸಂಸ್ಥೆಯ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.

ಉಳಿದ ಗ್ಯಾಲಿಯಮ್ ಗಾಜಿನ ಬಾಟಲಿಗೆ ಹೋಗಬಾರದು. ಚಳಿಗಾಲದ ರಾತ್ರಿ ಹೆಪ್ಪುಗಟ್ಟುವಾಗ ಹಿಗ್ಗಿ ಗಾಜನ್ನು ಸೀಳುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ, ಕುತ್ತಿಗೆಯ ಕೆಳಗೆ ಖಾಲಿ ಜಾಗ ಬಿಟ್ಟು ತುಂಬಿ, ದಿನಾಂಕ ಮತ್ತು ತೂಕ ಬರೆದು, ಅಲ್ಯುಮಿನಿಯಮ್ ಇಲ್ಲದ ಕಪಾಟಿನಲ್ಲಿ ಇಡಿ.